ಬಿಲ್ಲಿಂಗ್ ಸಾಫ್ಟ್‌ವೇರ್‌ನ ಎಪಿಐ ಡಾಕ್ಸ್: ಮೊದಲು ಏನು ಬರೆಯಬೇಕು?

ಹುಬ್ಬಳ್ಳಿ ಕೌಂಟರ್
ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯಲ್ಲಿ ಐದು ಜನ ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕಿರಾಣಿ, ಸ್ಟೇಷನರಿ, ಬೇಕರಿ, ಇಂಥವು. ಈಗ ಹೊರಗಿನ ಡೆವಲಪರ್‌ಗಳಿಗೂ ಎಪಿಐ (ಬೇರೆ ಪ್ರೋಗ್ರಾಂ ನಮ್ಮದರ ಜೊತೆ ಮಾತಾಡುವ ದಾರಿ) ತೆರೆಯುತ್ತಿದ್ದೇವೆ. ಮನೆಗೆ ಸಾಮಾನು ತಲುಪಿಸುವ ಆ್ಯಪ್ ಮಾಡುವವರು, ಅಕೌಂಟ್ಸ್ ಸಾಫ್ಟ್‌ವೇರ್ ಮಾಡುವವರು ನಮ್ಮ ಕೌಂಟರ್‌ಗೆ ಜೋಡಿಸಿಕೊಳ್ಳಲಿ ಅಂತ.

ಮೊದಲ ಸಲ ಕೈಕೊಟ್ಟಿತು. ಬೆಳಗಾವಿಯ ಒಬ್ಬ ಡೆವಲಪರ್‌ಗೆ ಡಾಕ್ಸ್, ಅಂದರೆ ಬಳಸುವ ವಿವರಣೆ, ಅಂತ ದಪ್ಪ ಪಿಡಿಎಫ್ ಕಳಿಸಿದ್ದೆವು. ಅದರಲ್ಲಿ ಎಲ್ಲ ಎಂಡ್‌ಪಾಯಿಂಟ್ (ವಿನಂತಿ ಕಳಿಸುವ ವಿಳಾಸ) ಇದ್ದವು, ಎಲ್ಲ ಫೀಲ್ಡ್ (ಕಳಿಸುವ ಮಾಹಿತಿಯ ಒಂದೊಂದು ಅಂಶ) ಇದ್ದವು. ಆದರೂ ಅವರು ದಿನಾ ಫೋನ್ ಮಾಡುತ್ತಿದ್ದರು. ಒಂದು ಶನಿವಾರ ಸಂಜೆ ನೆಟ್ ನಿಧಾನವಾಗಿತ್ತು. ಅವರ ಪ್ರೋಗ್ರಾಂ ಉತ್ತರ ಬರಲಿಲ್ಲ ಅಂತ ಮತ್ತೆ ಮತ್ತೆ ಕಳಿಸಿತು. ಒಂದೇ ಮಾರಾಟಕ್ಕೆ ಮೂರು ಬಿಲ್ ಆಯಿತು. ಸ್ಟಾಕ್ ಮೂರು ಪಟ್ಟು ಕಡಿಮೆಯಾಯಿತು. ಅಂಗಡಿಯವರು ರಾತ್ರಿ ಹನ್ನೊಂದರವರೆಗೆ ಕೂತು ಎಣಿಸಿದರು.

ಈಗ ಆರು ವಾರ ಸಮಯ ಇದೆ, ಹೊಸದಾಗಿ ಬರೆಯಬೇಕು. ನನ್ನ ಯೋಜನೆ: ಓಪನ್ ಎಪಿಐ ಫೈಲ್‌ನಿಂದ (ಎಪಿಐಯನ್ನು ಯಂತ್ರ ಓದುವ ಹಾಗೆ ವಿವರಿಸುವ ಫೈಲ್) ರೆಫರೆನ್ಸ್, ಅಂದರೆ ಎಲ್ಲ ವಿವರದ ಪಟ್ಟಿ, ತಾನಾಗಿ ತಯಾರಾಗಲಿ, ಆಮೇಲೆ ಉದಾಹರಣೆ ಸೇರಿಸೋಣ, ಕೊನೆಗೆ ಕನ್ನಡದಲ್ಲಿ ಪರಿಚಯ. ಈ ಕ್ರಮ ಸರಿನಾ?

ಪೈಸೆ ಲೆಕ್ಕ
ಮೂರು ಬಿಲ್ ಆಗಿದ್ದು ಡಾಕ್ಸ್ ತಪ್ಪಲ್ಲ, ಎಪಿಐ ತಪ್ಪು. ಐಡೆಂಪೊಟೆನ್ಸಿ ಕೀ ಇಲ್ವಾ? ಪ್ರತಿ ಮಾರಾಟಕ್ಕೂ ಕೌಂಟರ್ ಒಂದು ಬೇರೆ ಗುರುತು ಹಾಕಿ ಕಳಿಸಬೇಕು. ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹೊಸ ಬಿಲ್ ಮಾಡಬಾರದು, ಹಳೇದನ್ನೇ ವಾಪಸ್ ಕೊಡಬೇಕು.

ಹುಬ್ಬಳ್ಳಿ ಕೌಂಟರ್
ಇದೆ ಸರ್. ಅದೇ ನನ್ನ ಸಂಕಟ. ಪಿಡಿಎಫ್‌ನ 41ನೇ ಪುಟದಲ್ಲಿ, ಕೋಷ್ಟಕದ ಒಂದು ಸಾಲಿನಲ್ಲಿದೆ. ಆ ಗುರುತಿಗೆ ‘ಕ್ಲೈಂಟ್ ರೆಫ್, ಐಚ್ಛಿಕ’ ಅಂತ ಬರೆದಿದ್ದೆವು. ಐಚ್ಛಿಕ ಅಂತ ಓದಿದವರು ಬಿಟ್ಟುಬಿಟ್ಟರು.

ಬರಹಗಾರ್ತಿ
ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಹೇಳಿದಿರಿ. ಮಾಹಿತಿ ಎಲ್ಲ ಇತ್ತು, ಬೇಕಾದ ಜಾಗದಲ್ಲಿ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಡಾಕ್ಸ್ ಯೋಜನೆಗೆ ಡಯಾಟಾಕ್ಸಿಸ್ ಅಂತ ಒಂದು ಪದ್ಧತಿ ಇದೆ. ಬರಹವನ್ನು ನಾಲ್ಕು ಬಗೆ ಮಾಡುತ್ತದೆ. ಕೈಹಿಡಿದು ಕಲಿಸುವುದು ಒಂದು. ಒಂದು ಕೆಲಸ ಮಾಡುವ ದಾರಿ ತೋರಿಸುವುದು ಇನ್ನೊಂದು. ಹುಡುಕಿ ನೋಡುವ ರೆಫರೆನ್ಸ್ ಮೂರನೆಯದು. ಯಾಕೆ ಹೀಗೆ ಅಂತ ವಿವರಿಸುವುದು ನಾಲ್ಕನೆಯದು. ನೀವು ಮೂರನೆಯದನ್ನು ಮಾತ್ರ ಕೊಟ್ಟಿದ್ದೀರಿ. ಕೌಂಟರ್ ಸಾಫ್ಟ್‌ವೇರ್‌ಗೆ ಎರಡನೆಯದೇ ಜೀವ. ಮೊದಲು ಕೆಲಸಗಳ ಪಟ್ಟಿ ಮಾಡಿ: ಮಾರಾಟ, ವಾಪಸಾತಿ, ಬಿಲ್ ರದ್ದು, ಬಿಲ್ ಹೋಲ್ಡ್, ಅರ್ಧ ನಗದು ಅರ್ಧ ಯುಪಿಐ, ರಾತ್ರಿ ಕ್ಯಾಷ್ ತಾಳೆ. ಒಂದೊಂದಕ್ಕೂ ಒಂದು ಪುಟ. ಅದೇ ಪುಟದಲ್ಲಿ ‘ನಡುವೆ ನೆಟ್ ಹೋದರೆ’ ಅಂತ ಒಂದು ಭಾಗ ಇರಲೇಬೇಕು.

ಹಳೇ ಕೋಡು
ನಾನು ಒಪ್ಪುವುದಿಲ್ಲ ಮೇಡಂ. ಕಲಿಸುವ ಪುಟ ನಾನು ಒಂದು ಸಲ ಓದುತ್ತೇನೆ. ರೆಫರೆನ್ಸ್ ದಿನಾ ತೆರೆಯುತ್ತೇನೆ. ಅದು ಕಚ್ಚಾ ಇದ್ದರೆ ಉಳಿದದ್ದೆಲ್ಲ ಸುಮ್ನೆ.

ಒಂದು ಉದಾಹರಣೆ. ಒಂದು ಎಪಿಐ ಡಾಕ್ಸ್‌ನಲ್ಲಿ ಬಿಲ್ ನಂಬರ್ ‘ಸ್ಟ್ರಿಂಗ್’ (ಅಕ್ಷರಗಳ ಸಾಲು) ಅಂತ ಮಾತ್ರ ಇತ್ತು. ಎಷ್ಟು ಉದ್ದ ಅಂತ ಇರಲಿಲ್ಲ. ನಾನು ಅಂಗಡಿ ಕೋಡ್, ತಾರೀಖು, ಕೌಂಟರ್ ನಂಬರ್ ಎಲ್ಲ ಸೇರಿಸಿ 21 ಅಕ್ಷರ ಮಾಡಿದೆ. ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ಬಿಲ್ ನೋಂದಾಯಿಸುವುದು) ಕಡೆ ಒಂದೊಂದಾಗಿ ತಿರಸ್ಕಾರ ಆಗತೊಡಗಿತು. 16 ಅಕ್ಷರ ಮೀರಬಾರದು ಅಂತ ಆಮೇಲೆ ಗೊತ್ತಾಯಿತು.

ಅಕೌಂಟ್ಸ್ ಅಕ್ಕ
ಒಂದು ತಿದ್ದುಪಡಿ. 16 ಅಕ್ಷರದ ಮಿತಿ ಇ-ಇನ್‌ವಾಯ್ಸ್‌ಗೆ ಮಾತ್ರ ಅಲ್ಲ. ಸಿಜಿಎಸ್‌ಟಿ (ಕೇಂದ್ರದ ಜಿಎಸ್‌ಟಿ) ನಿಯಮ 46ರಲ್ಲೇ ಇದೆ, ಎಲ್ಲ ಟ್ಯಾಕ್ಸ್ ಇನ್‌ವಾಯ್ಸ್‌ಗೂ ಅನ್ವಯ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಮಾತ್ರ ಬಳಸಬಹುದು. ಆರ್ಥಿಕ ವರ್ಷದೊಳಗೆ ಒಂದೇ ನಂಬರ್ ಎರಡು ಸಲ ಬರಬಾರದು, ಕ್ರಮ ತಪ್ಪಬಾರದು.

ಇದರಿಂದ ಇನ್ನೊಂದು ಮಾತು. ನಿಮ್ಮ ಎಪಿಐನಲ್ಲಿ ಬಿಲ್ ‘ಡಿಲೀಟ್’ ಮಾಡುವ ದಾರಿ ಇದ್ದರೆ ದಯವಿಟ್ಟು ತೆಗೆಯಿರಿ. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1 ನಮೂನೆಯ 13ನೇ ಕೋಷ್ಟಕದಲ್ಲಿ ಯಾವ ನಂಬರ್‌ನಿಂದ ಯಾವ ನಂಬರ್‌ವರೆಗೆ ಬಿಲ್ ಆಗಿದೆ, ಎಷ್ಟು ರದ್ದಾಗಿದೆ ಅಂತ ಬರೆಯಬೇಕು. ಡೆವಲಪರ್ ಡಿಲೀಟ್ ಮಾಡಿದರೆ ನಡುವೆ ನಂಬರ್ ಮಾಯ. ವರ್ಷದ ಕೊನೆಗೆ ಆ ನಂಬರ್ ಯಾಕಿಲ್ಲ ಅಂತ ಉತ್ತರ ಕೊಡಬೇಕಾದವರು ಅಂಗಡಿಯವರು, ಕೋಡ್ ಬರೆದವರಲ್ಲ.

ಬರಹಗಾರ್ತಿ
ನೋಡಿ ಹಳೇ ಕೋಡು ಅವರೇ, ಅಕ್ಕ ಹೇಳಿದ್ದು ಯಾವ ಬಗೆಯ ಬರಹ? ‘ಗರಿಷ್ಠ 16’ ಅಂತ ರೆಫರೆನ್ಸ್ ಹೇಳುತ್ತದೆ. ‘ಡಿಲೀಟ್ ಯಾಕೆ ಇಲ್ಲ’ ಅನ್ನುವುದನ್ನು ಯಾವ ಫೈಲ್‌ನಿಂದಲೂ ತಾನಾಗಿ ತಯಾರು ಮಾಡಲು ಆಗುವುದಿಲ್ಲ. ಒಬ್ಬ ಮನುಷ್ಯ ಕೂತು ಬರೆಯಬೇಕು.

ಹಳೇ ಕೋಡು
ಅದು ಸರಿ. ಆದರೂ ಎರಡೂ ಬೇಕು. ಮೊದಲ ವಾರವೇ ರೆಫರೆನ್ಸ್ ಶುದ್ಧವಾಗಲಿ.

ಕಿರಾಣಿ ಅಂಗಡಿ
ನಾನು ಡೆವಲಪರ್ ಅಲ್ಲ, ರಾಣೆಬೆನ್ನೂರಿನಲ್ಲಿ ಅಂಗಡಿ ಇದೆ. ಮಗ ಈ ಚರ್ಚೆ ತೋರಿಸಿದ. ನನಗನಿಸಿದ್ದು ಹೇಳುತ್ತೇನೆ.

ನೀವು ಯಾರೂ ಸಾಲಿನ ಬಗ್ಗೆ ಮಾತಾಡಲಿಲ್ಲ. ಸಂಜೆ ಏಳಕ್ಕೆ ನನ್ನ ಕೌಂಟರ್ ಮುಂದೆ ಹತ್ತು ಜನ ಇರುತ್ತಾರೆ. ಬಿಲ್ ಅರ್ಧ ಆಗಿರುತ್ತದೆ, ‘ಅಣ್ಣಾ, ಸಾಸಿವೆ ಮರೆತೆ’ ಅಂತ ಒಳಗೆ ಹೋಗುತ್ತಾರೆ. ಆ ಬಿಲ್ ಪಕ್ಕಕ್ಕಿಟ್ಟು ಮುಂದಿನವರದು ಮಾಡಬೇಕು. ಇನ್ನೊಬ್ಬರು ಯುಪಿಐ ಮಾಡುತ್ತಾರೆ. ಅವರ ಖಾತೆಯಿಂದ ದುಡ್ಡು ಹೋಗಿದೆ, ನನ್ನ ಪರದೆ ಮಾತ್ರ ‘ಪೆಂಡಿಂಗ್’ ಅನ್ನುತ್ತದೆ. ಕಾಯಿಸಿದರೆ ಗಿರಾಕಿಗೆ ಬೇಜಾರು, ಕಳಿಸಿದರೆ ನನಗೆ ಭಯ.

ಆಮೇಲೆ ಉದ್ರಿ. ನನ್ನ ವ್ಯಾಪಾರದಲ್ಲಿ ಉದ್ರಿ ಜಾಸ್ತಿ. ತಿಂಗಳ ಮೊದಲ ವಾರ ಕೊಡುತ್ತಾರೆ. ನಾನು ಹಾಕಿಸಿಕೊಂಡಿದ್ದ ಒಂದು ಆ್ಯಪ್‌ನಲ್ಲಿ ಉದ್ರಿ ಅಂತ ಒತ್ತಿದರೆ ಅಕೌಂಟ್ಸ್‌ನಲ್ಲಿ ಕಾರ್ಡ್ ಪೇಮೆಂಟ್ ಅಂತ ಬರುತ್ತಿತ್ತು. ಎರಡು ತಿಂಗಳ ಲೆಕ್ಕ ಕೈಯಲ್ಲಿ ತಿದ್ದಿದೆವು.

ಬರಹಗಾರ್ತಿ
ಸರ್, ನೀವು ಬರೆದದ್ದು ಬಹಳ ಉಪಯೋಗ ಆಯಿತು. ಆ ಉದ್ರಿ ತಪ್ಪು ಎಲ್ಲಿಂದ ಬಂತು ಅಂತ ನಾನು ಊಹಿಸಬಲ್ಲೆ. ಇಂಗ್ಲಿಷ್‌ನ ‘ಕ್ರೆಡಿಟ್’ ಅನ್ನುವ ಒಂದೇ ಪದ. ಕ್ರೆಡಿಟ್ ಸೇಲ್ ಅಂದರೆ ಉದ್ರಿ. ಕ್ರೆಡಿಟ್ ಕಾರ್ಡ್ ಅಂದರೆ ಕಾರ್ಡ್. ಕ್ರೆಡಿಟ್ ನೋಟ್ ಅಂದರೆ ಮಾಲು ವಾಪಸ್ ಬಂದಾಗ ಕೊಡುವ ಚೀಟಿ. ಎಪಿಐನಲ್ಲಿ ಮೂರಕ್ಕೂ ‘ಕ್ರೆಡಿಟ್’ ಅಂತ ಹೆಸರಿಟ್ಟರೆ ಯಾರಾದರೂ ಎಡವುತ್ತಾರೆ.

ಹುಬ್ಬಳ್ಳಿಯವರೇ, ಆರು ವಾರದಲ್ಲಿ ಮೊದಲ ಮೂರು ದಿನ ಪದಗಳಿಗೇ ಕೊಡಿ. ಬಿಲ್, ಇನ್‌ವಾಯ್ಸ್, ಆರ್ಡರ್, ಸೇಲ್ ಇವೆಲ್ಲ ಒಂದೇನಾ, ಬೇರೆನಾ? ಒಂದು ವಸ್ತುವಿಗೆ ಒಂದೇ ಹೆಸರು ಅಂತ ಮೊದಲೇ ನಿರ್ಧಾರ ಮಾಡಿ.

ಹುಬ್ಬಳ್ಳಿ ಕೌಂಟರ್
ಈಗಷ್ಟೇ ಕೋಡ್ ತೆರೆದು ನೋಡಿದೆ. ನಮ್ಮಲ್ಲಿ ‘ಆರ್ಡರ್’ ಮತ್ತು ‘ಸೇಲ್’ ಎರಡೂ ಇವೆ, ಎರಡೂ ಒಂದೇ. ನಾಳೆ ಎಲ್ಲರೂ ಕೂರುತ್ತೇವೆ.

ಪ್ರಿಂಟರ್ ಪಾರ್ಟಿ
ಪ್ರಿಂಟರ್ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಗಳಲ್ಲಿ ಕಾಗದ ಎರಡು ಅಗಲ, 58 ಮಿ.ಮೀ. ಮತ್ತು 80 ಮಿ.ಮೀ. ಸಾಮಾನ್ಯವಾಗಿ ಮೊದಲನೆಯದರಲ್ಲಿ ಅಡ್ಡಕ್ಕೆ 384 ಚುಕ್ಕಿ, ಎರಡನೆಯದರಲ್ಲಿ 576. ಇಂಗ್ಲಿಷ್ ಆದರೆ ಅಕ್ಷರ ಕಳಿಸಿದರೆ ಸಾಕು. ಕನ್ನಡ ಕಳಿಸಿದರೆ ಮಾಮೂಲಿ ಥರ್ಮಲ್ ಪ್ರಿಂಟರ್‌ನಲ್ಲಿ ಕಸ ಬರುತ್ತದೆ. ಒತ್ತಕ್ಷರ ಜೋಡಿಸುವುದು ಅದಕ್ಕೆ ಗೊತ್ತಿಲ್ಲ. ಸಾಲನ್ನು ಚಿತ್ರ ಮಾಡಿ ಕಳಿಸಬೇಕು. ಇದನ್ನು ಡಾಕ್ಸ್‌ನಲ್ಲಿ ಬರೆಯದೇ ಇದ್ದರೆ ಪ್ರತಿ ಡೆವಲಪರ್ ಒಂದು ವಾರ ಕಳೆದು ಅದನ್ನೇ ಕಂಡುಹಿಡಿಯುತ್ತಾನೆ.

ಇನ್ನೊಂದು. ಗಲ್ಲಾಪೆಟ್ಟಿಗೆಯ ತಂತಿ ಸಾಮಾನ್ಯವಾಗಿ ಕಂಪ್ಯೂಟರ್‌ಗಲ್ಲ, ಪ್ರಿಂಟರ್‌ಗೆ ಹೋಗುತ್ತದೆ. ಪೆಟ್ಟಿಗೆ ತೆರೆಯುವ ಆಜ್ಞೆಯೂ ಪ್ರಿಂಟರ್ ಮೂಲಕವೇ ಹೋಗಬೇಕು. ಪ್ರಿಂಟರ್ ಆಫ್ ಇದ್ದರೆ ಪೆಟ್ಟಿಗೆಯೂ ತೆರೆಯುವುದಿಲ್ಲ. ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ.

ಪೈಸೆ ಲೆಕ್ಕ
ಕನ್ನಡದ ಮಾತು ಬಂತು, ಉದ್ದದ ಮಿತಿಯನ್ನೂ ನೋಡಿ. ಐಟಂ ಹೆಸರಿಗೆ ‘ಗರಿಷ್ಠ 40’ ಅಂತ ಬರೆದರೆ 40 ಏನು? ಅಕ್ಷರವೋ ಬೈಟೋ? ‘ಬೆಲ್ಲ’ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್‌ನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಐದು ಸಂಕೇತ, ಅದನ್ನು ಉಳಿಸಿಡುವ ಯುಟಿಎಫ್-8ರಲ್ಲಿ 15 ಬೈಟ್. 40 ಬೈಟ್ ಅಂದರೆ ಕನ್ನಡದಲ್ಲಿ 13 ಸಂಕೇತಕ್ಕೆ ಮುಗಿಯಿತು. ನಡುವೆ ಕತ್ತರಿಸಿದರೆ ಒತ್ತಕ್ಷರ ಒಡೆದು ಹೋಗುತ್ತದೆ.

ಟೆಸ್ಟಿಂಗ್ ಮಾಡುವವಳು
ನನ್ನ ಕೋರಿಕೆ ಒಂದೇ. ಉದಾಹರಣೆಗೆ ನಿಜವಾದ ಬೆಲೆ ಹಾಕಿ. ‘ಆ್ಯಪಲ್, ಬೆಲೆ 100, ತೆರಿಗೆ 0’ ಅಂತ ಇದ್ದರೆ ಅದರಿಂದ ಏನೂ ಕಲಿಯುವುದಕ್ಕಾಗುವುದಿಲ್ಲ.

20 ರೂಪಾಯಿ ಎಂಆರ್‌ಪಿಯ ಬಿಸ್ಕತ್ ಪೊಟ್ಟಣ ತಗೊಳ್ಳಿ. ಈಗ ತೆರಿಗೆ 5%, ಎಂಆರ್‌ಪಿಯೊಳಗೇ ಸೇರಿದೆ. 20ನ್ನು 1.05ರಿಂದ ಭಾಗಿಸಿದರೆ ಮೂಲಬೆಲೆ 19.05. ಸಿಜಿಎಸ್‌ಟಿ 2.5%, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 2.5%. ಒಂದೊಂದೂ 48 ಪೈಸೆಗೆ ನಿಲ್ಲುತ್ತದೆ. ಕೂಡಿಸಿ ನೋಡಿ: 19.05 + 0.48 + 0.48 = 20.01. ಎಂಆರ್‌ಪಿಗಿಂತ ಒಂದು ಪೈಸೆ ಜಾಸ್ತಿ! ತೆರಿಗೆ ಮೊದಲು ಲೆಕ್ಕ ಹಾಕಿ, ಉಳಿದದ್ದನ್ನು ಮೂಲಬೆಲೆ ಅಂದರೆ 19.04 ಬರುತ್ತದೆ, ಆಗ ಸರಿಯಾಗಿ 20. ನಿಮ್ಮ ಸರ್ವರ್ ಯಾವ ದಾರಿ ಹಿಡಿಯುತ್ತದೆ? ಸಾಲು ಸಾಲಿಗೆ ಪೈಸೆ ಹೊಂದಿಸುತ್ತದೋ, ಬಿಲ್ ಕೊನೆಗೋ? ಇದನ್ನು ಅಂಕಿ ಸಮೇತ ಬರೆಯಲೇಬೇಕು. ಇಲ್ಲದಿದ್ದರೆ ಅವರ ಮೊತ್ತ, ನಿಮ್ಮ ಮೊತ್ತ ಎಂದೂ ತಾಳೆ ಆಗುವುದಿಲ್ಲ.

ಪೈಸೆ ಲೆಕ್ಕ
ಚಿನ್ನದಂಥ ಉದಾಹರಣೆ. ಜೊತೆಗೆ ಎಲ್ಲ ಮೊತ್ತವನ್ನೂ ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಕಳಿಸಿ. 20 ರೂಪಾಯಿ ಅಂದರೆ 2000. ಫ್ಲೋಟ್ (ದಶಮಾಂಶದ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ಬಗೆ) ಬಳಸಿದರೆ 0.1 + 0.2 ಕೂಡ ನೆಟ್ಟಗೆ 0.3 ಆಗುವುದಿಲ್ಲ.

ಅಕೌಂಟ್ಸ್ ಅಕ್ಕ
ಬಿಸ್ಕತ್‌ನ ಆ 5% ಬಗ್ಗೆಯೂ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಅದು 18% ಇತ್ತು. ತುಪ್ಪ 12ರಿಂದ 5ಕ್ಕೆ ಬಂತು, ನೋಟ್‌ಬುಕ್ 12ರಿಂದ ಸೊನ್ನೆಗೆ. ಆ ವಾರ ನನಗೆ ಬಂದ ಫೋನ್‌ಗಳು ಹೆಚ್ಚಾಗಿ ವಾಪಸಾತಿ ಬಗ್ಗೆ. ಸೆಪ್ಟೆಂಬರ್ 20ಕ್ಕೆ ಕೊಂಡ ಮಾಲು 24ಕ್ಕೆ ವಾಪಸ್ ಬಂದರೆ ಕ್ರೆಡಿಟ್ ನೋಟ್‌ನಲ್ಲಿ ಹಳೇ ದರವೇ ಇರಬೇಕು. ಆ ಚೀಟಿ ಮೂಲ ಬಿಲ್‌ಗೆ ಸೇರಿದ್ದು. ಆದರೆ ಒಂದು ಸಾಫ್ಟ್‌ವೇರ್ ಐಟಂ ಪಟ್ಟಿಯಿಂದ ಹೊಸ ದರ ಎತ್ತಿಕೊಂಡು ಲೆಕ್ಕ ಹಾಕುತ್ತಿತ್ತು.

ಹಾಗಾಗಿ ವಾಪಸಾತಿಯ ಪುಟದಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ: ದರ ಮೂಲ ಬಿಲ್‌ನಿಂದ ಬರುತ್ತದೆ, ಐಟಂ ಪಟ್ಟಿಯಿಂದಲ್ಲ. ಉದಾಹರಣೆಗೆ ಆ ಸೆಪ್ಟೆಂಬರ್ ತಾರೀಖನ್ನೇ ಹಾಕಿ, ಎಲ್ಲರಿಗೂ ನೆನಪಿದೆ.

ಕಂಪೊಸಿಷನ್‌ನಲ್ಲಿರುವ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯ, ಅಂಗಡಿಗಳನ್ನೂ ಮರೆಯಬೇಡಿ. ಅವರು ಟ್ಯಾಕ್ಸ್ ಇನ್‌ವಾಯ್ಸ್ ಕೊಡುವ ಹಾಗಿಲ್ಲ, ಬಿಲ್ ಆಫ್ ಸಪ್ಲೈ ಕೊಡಬೇಕು. ಗಿರಾಕಿಯಿಂದ ತೆರಿಗೆ ತಗೊಳ್ಳುವ ಹಾಗೂ ಇಲ್ಲ. ಇದು ಬೇರೆಯೇ ಬಗೆಯ ಬಿಲ್ ಅಂತ ಡೆವಲಪರ್‌ಗೆ ಗೊತ್ತಾಗಬೇಕು.

ಬಾರ್‌ಕೋಡ್ ಪ್ರೇಮಿ
ಬಾರ್‌ಕೋಡ್ ಬಗ್ಗೆಯೂ ಒಂದು ಪುಟ ಬೇಕು. 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದ ಮಾಲು ಅಂತ ಗುರುತು ಮಾಡಿಕೊಳ್ಳಬಹುದು.

ಪ್ರಿಂಟರ್ ಪಾರ್ಟಿ
ಅದು ತಪ್ಪು ತಿಳುವಳಿಕೆ. ವಾಟ್ಸಾಪ್‌ನಲ್ಲಿ ಓಡಾಡುವುದೇ ಇದು. 890 ಅಂದರೆ ಆ ನಂಬರನ್ನು ಬಾರ್‌ಕೋಡ್ ನಂಬರ್ ಹಂಚುವ ಸಂಸ್ಥೆ ಜಿಎಸ್1 ಇಂಡಿಯಾ ಕೊಟ್ಟಿದೆ ಅಂತ ಮಾತ್ರ. ಮಾಲು ಎಲ್ಲಾದರೂ ತಯಾರಾಗಿರಬಹುದು.

ಬಾರ್‌ಕೋಡ್ ಪ್ರೇಮಿ
ಹೌದಾ! ಇಷ್ಟು ದಿನ ತಪ್ಪು ತಿಳಿದಿದ್ದೆ. ಧನ್ಯವಾದ. ಆದರೆ 2ರಿಂದ ಶುರುವಾಗುವುದು ಅಂಗಡಿಯ ಒಳಗಿನ ಬಳಕೆಗೆ, ಅದು ಸರಿ ಅಲ್ವಾ? ತೂಕದ ಯಂತ್ರ ಅಂಟಿಸುವ ಚೀಟಿಯಲ್ಲಿ 13 ಅಂಕಿ ಇರುತ್ತದೆ. ನಡುವೆ ಐಟಂ ಕೋಡ್, ಆಮೇಲೆ ತೂಕ ಅಥವಾ ಬೆಲೆ, ಕೊನೆಗೆ ತಾಳೆ ಅಂಕಿ.

ಪ್ರಿಂಟರ್ ಪಾರ್ಟಿ
ಅದು ಸರಿ. ಯಾವ ಅಂಕಿ ಏನು ಅನ್ನುವುದು ಯಂತ್ರದ ಸೆಟ್ಟಿಂಗ್ ಮೇಲೆ ಹೋಗುತ್ತದೆ. ತೂಕ ಅಂದುಕೊಂಡು ಬೆಲೆ ಓದಿದರೆ ಕಾಲು ಕೆ.ಜಿ. ಗೋಡಂಬಿಯ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಬಾರ್‌ಕೋಡ್ ಪ್ರೇಮಿ
ವಿಷಯ ಬಿಟ್ಟು ಒಂದು ಮಾತು. ಅಂಗಡಿಯಲ್ಲಿ ಮೊದಲ ಸಲ ಈ ಬಗೆಯ ಬಾರ್‌ಕೋಡ್ ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋದಲ್ಲಿ. ಒಂದು ಚ್ಯೂಯಿಂಗ್ ಗಮ್ ಪ್ಯಾಕ್. ನನಗೆ ಇಂಥದ್ದು ಓದುವುದೆಂದರೆ ಬಹಳ ಇಷ್ಟ.

ಮ್ಯೂನಿಕ್ ಕನ್ನಡಿಗ
ಹೊರದೇಶದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಜರ್ಮನಿಯಲ್ಲಿ 2020ರ ಜನವರಿಯಿಂದ ಎಲೆಕ್ಟ್ರಾನಿಕ್ ಕೌಂಟರ್ ಇದ್ದರೆ ಪ್ರತಿ ಗಿರಾಕಿಗೂ ರಸೀದಿ ಕೊಡಲೇಬೇಕು. ಬೇಕರಿಯಲ್ಲಿ ಒಂದು ಬನ್ ಕೊಂಡರೂ ಅಷ್ಟೇ. ಬೇಕರಿಯವರು ಜೋರಾಗಿ ಪ್ರತಿಭಟಿಸಿದ್ದರು. ಮಾರಾಟದ ದಾಖಲೆಯನ್ನು ಆಮೇಲೆ ತಿದ್ದದ ಹಾಗೆ ಕಾಪಾಡುವ ಸಾಧನವೂ ಕಡ್ಡಾಯ ಆಯಿತು. ನಾನು ಇಲ್ಲಿ ಕೌಂಟರ್ ಎಪಿಐಗೆ ಕೆಲಸ ಮಾಡುವಾಗ ರದ್ದು ಮತ್ತು ವಾಪಸಾತಿಯ ಪುಟಗಳನ್ನೇ ಹೆಚ್ಚು ಓದಿದೆ. ಮಾರಾಟದ ಪುಟ ಓದಲು ಅರ್ಧ ಗಂಟೆ ಸಾಕಾಗಿತ್ತು.

ಗದಗ ಡಿಪ್ಲೊಮಾ
ಕನ್ನಡದಲ್ಲಿ ಡಾಕ್ಸ್ ಬರೆಯುವ ಮಾತು ಯಾರೂ ಎತ್ತಲಿಲ್ಲ. ನಾನು ಡಿಪ್ಲೊಮಾ ಮುಗಿಸಿ ಸಣ್ಣ ಅಂಗಡಿಗಳಿಗೆ ಆ್ಯಪ್ ಮಾಡಿಕೊಡುತ್ತೇನೆ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ‘ಐಡೆಂಪೊಟೆಂಟ್’ ಅಂತ ಓದಿದಾಗ ಏನೂ ತಿಳಿಯಲಿಲ್ಲ. ಮೇಲೆ ಪೈಸೆ ಲೆಕ್ಕ ಅವರು ಕನ್ನಡದಲ್ಲಿ ಮೂರು ಸಾಲು ಬರೆದರು, ಈಗ ತಿಳಿಯಿತು.

ಹಳೇ ಕೋಡು
ತಮ್ಮಾ, ನಿನ್ನ ಕಷ್ಟ ಗೊತ್ತಾಗುತ್ತದೆ. ಆದರೆ ಐದು ಜನರ ತಂಡ ಎರಡು ಭಾಷೆಯಲ್ಲಿ ಎಲ್ಲವನ್ನೂ ತಿದ್ದುತ್ತಾ ಇರಲು ಆಗುವುದಿಲ್ಲ. ಇಂಗ್ಲಿಷ್ ಪುಟ ಬದಲಾಗಿ ಕನ್ನಡ ಪುಟ ಹಳೇದೇ ಉಳಿದರೆ ಅದು ಇಲ್ಲದೇ ಇರುವುದಕ್ಕಿಂತ ಕೆಟ್ಟದ್ದು. ಅದನ್ನು ನಂಬಿದವನ ಬಿಲ್ ತಪ್ಪಾಗುತ್ತದೆ.

ಬರಹಗಾರ್ತಿ
ಎಲ್ಲವನ್ನೂ ಎರಡು ಭಾಷೆಯಲ್ಲಿ ಬರೆಯುವುದು ಬೇಡ. ಫೀಲ್ಡ್ ಹೆಸರು, ರೆಫರೆನ್ಸ್ ಇಂಗ್ಲಿಷ್‌ನಲ್ಲೇ ಇರಲಿ. ಬೇಗ ಬದಲಾಗದ ಪುಟಗಳನ್ನು ಮಾತ್ರ ಕನ್ನಡದಲ್ಲಿ ಬರೆಯಿರಿ: ಪದಗಳ ಅರ್ಥ, ಹತ್ತು ನಿಮಿಷದಲ್ಲಿ ಮೊದಲ ಬಿಲ್, ನೆಟ್ ಹೋದಾಗ ಏನು ಮಾಡಬೇಕು.

ತಪ್ಪುಗಳ ಪುಟ ಕನ್ನಡದಲ್ಲಿ ಇರಲೇಬೇಕು. ಯಾಕೆಂದರೆ ಆ ಸಂದೇಶ ಕೊನೆಗೆ ಓದುವುದು ಕೌಂಟರ್ ಹಿಂದೆ ನಿಂತವರು. ಪ್ರತಿ ತಪ್ಪಿಗೂ ಬದಲಾಗದ ಒಂದು ಕೋಡ್ ಇರಲಿ, ಜೊತೆಗೆ ಕನ್ನಡ ಸಂದೇಶ. ‘ಅಮಾನ್ಯ ವಿನಂತಿ’ ಅಂತ ಬರೆಯಬೇಡಿ. ‘ಈ ಬಿಲ್ ಆಗಲೇ ವಾಪಸ್ ಆಗಿದೆ’ ಅಂತ ಬರೆಯಿರಿ. ಎಪಿಐ ತಪ್ಪುಗಳ ರೂಪಕ್ಕೆ ಆರ್‌ಎಫ್‌ಸಿ 9457 ಅಂತ ಒಪ್ಪಿತ ಮಾದರಿಯೇ ಇದೆ, ಅದನ್ನು ಬಳಸಿಕೊಳ್ಳಿ.

ಕಿರಾಣಿ ಅಂಗಡಿ
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕೆಲಸದ ಹುಡುಗಿ ‘ಎರರ್ 422’ ನೋಡಿದರೆ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾಳೆ. ಅವಳದೇನು ತಪ್ಪು? ಅವಳಿಗೆ ಯಾರೂ ಹೇಳಿಲ್ಲ.

ಹಳೇ ಕೋಡು
ಇಷ್ಟಾದರೆ ಒಪ್ಪುತ್ತೇನೆ. ಆದರೆ ಇದನ್ನೆಲ್ಲ ಆಮೇಲೆ ನೋಡಿಕೊಳ್ಳುವವರು ಯಾರು? ಡಾಕ್ಸ್ ಬರೆಯುವ ದಿನ ಚೆನ್ನಾಗಿರುತ್ತದೆ, ಆರು ತಿಂಗಳಿಗೆ ಹಳಸುತ್ತದೆ. ಡಾಕ್ಸ್ ಫೈಲ್‌ಗಳನ್ನು ಕೋಡ್ ಜೊತೆಗೇ ಇಡಿ. ಅದರೊಳಗಿನ ಉದಾಹರಣೆಗಳನ್ನು ಪ್ರತಿ ರಾತ್ರಿ ಟೆಸ್ಟ್ ಸರ್ವರ್ ಮೇಲೆ ಓಡಿಸಿ. ಒಂದು ಮುರಿದರೂ ಬಿಡುಗಡೆ ನಿಲ್ಲಲಿ.

ಟೆಸ್ಟಿಂಗ್ ಮಾಡುವವಳು
ಟೆಸ್ಟ್ ಸರ್ವರ್‌ನಲ್ಲಿ ಕೆಟ್ಟ ದಿನವನ್ನೂ ಬೇಕೆಂದೇ ತರಿಸುವ ದಾರಿ ಇರಲಿ. ಇಂಥ ಮೊತ್ತ ಕಳಿಸಿದರೆ ಯುಪಿಐ ಪೆಂಡಿಂಗ್, ಇಂಥ ಮೊತ್ತಕ್ಕೆ ಉತ್ತರವೇ ಬರುವುದಿಲ್ಲ, ಹೀಗೆ. ಪೆಂಡಿಂಗ್ ಅಂದರೆ ಸೋತಿದೆ ಅಂತಲ್ಲ, ಗೆದ್ದಿದೆ ಅಂತಲೂ ಅಲ್ಲ. ಅದೇ ಗುರುತು ಹಿಡಿದು ಮತ್ತೆ ಕೇಳಬೇಕು. ಇದನ್ನು ಡೆವಲಪರ್ ತನ್ನ ಮೇಜಿನ ಮೇಲೇ ಅನುಭವಿಸಲಿ, ಅಂಗಡಿಯಲ್ಲಿ ಅಲ್ಲ.

ಹುಬ್ಬಳ್ಳಿ ಕೌಂಟರ್
ಎಲ್ಲರಿಗೂ ತುಂಬಾ ಧನ್ಯವಾದ. ಯೋಜನೆ ತಲೆಕೆಳಗಾಯಿತು, ಒಳ್ಳೆಯದೇ ಆಯಿತು. ಈಗ ಹೀಗೆ ಮಾಡುತ್ತೇವೆ. ಮೊದಲ ವಾರ ಪದಗಳು, ಜೊತೆಗೆ ರೆಫರೆನ್ಸ್ ಶುದ್ಧಿ. ಕ್ರೆಡಿಟ್ ಅನ್ನುವ ಪದ ತೆಗೆದು ಉದ್ರಿಗೆ ಬೇರೆ ಹೆಸರು. ಕ್ಲೈಂಟ್ ರೆಫ್ ಇನ್ನು ಐಚ್ಛಿಕ ಅಲ್ಲ, ಕಡ್ಡಾಯ. ಆಮೇಲೆ ಎರಡು ವಾರ ಮಾರಾಟ, ವಾಪಸಾತಿ, ರದ್ದು, ಪೆಂಡಿಂಗ್ ಈ ನಾಲ್ಕು ಪುಟ ಮಾತ್ರ. ಬಿಸ್ಕತ್ ಮತ್ತು ಸೆಪ್ಟೆಂಬರ್ 22ರ ಉದಾಹರಣೆ ಹಾಗೇ ತಗೊಳ್ಳುತ್ತೇವೆ. ಬಾರ್‌ಕೋಡ್, ಪ್ರಿಂಟರ್ ಆಮೇಲೆ.

ಪ್ರಿಂಟರ್ ಪಾರ್ಟಿ
ಪ್ರಿಂಟರ್ ಆಮೇಲೆ ಬೇಡ. ಮೊದಲ ಬಿಲ್ ಮಾಡಿದವರು ಮೊದಲು ಮಾಡುವುದೇ ಪ್ರಿಂಟ್.

ಹುಬ್ಬಳ್ಳಿ ಕೌಂಟರ್
ಸರಿ, ಕನ್ನಡ ಪ್ರಿಂಟ್ ಮತ್ತು ಗಲ್ಲಾಪೆಟ್ಟಿಗೆ ಬಗ್ಗೆ ಅರ್ಧ ಪುಟ ಮೊದಲೇ ಹಾಕುತ್ತೇವೆ.

ಗದಗದ ತಮ್ಮ, ಕರಡು ಮೊದಲು ನಿಮಗೇ ಕಳಿಸುತ್ತೇನೆ. ಎಲ್ಲಿ ನಿಂತಿರಿ ಅಂತ ಗುರುತು ಹಾಕಿಕೊಡಿ. ಈ ಸಲ ಫೋನ್ ಬಂದರೆ ಉತ್ತರ ಹೇಳಿ ಇಟ್ಟುಬಿಡುವುದಿಲ್ಲ, ಅದೇ ದಿನ ಪುಟದಲ್ಲಿ ಬರೆಯುತ್ತೇವೆ. ಕಿರಾಣಿ ಅಂಗಡಿ ಸರ್, ನಿಮ್ಮ ಕೌಂಟರ್ ಪಕ್ಕ ಒಂದು ಸಂಜೆ ಕೂರಬಹುದಾ? ನಿಮಗೆ ತೊಂದರೆ ಆಗದ ದಿನ ಹೇಳಿ.

ಕಿರಾಣಿ ಅಂಗಡಿ
ತೊಂದರೆ ಇಲ್ಲದ ದಿನ ಬಂದರೆ ನಿಮಗೆ ಏನೂ ಕಾಣುವುದಿಲ್ಲ. ಸಂತೆ ದಿನವೇ ಬನ್ನಿ, ಆರು ಗಂಟೆಗೆ. ಸ್ಟೂಲ್ ಹಾಕಿಸುತ್ತೇನೆ.

ಗದಗ ಡಿಪ್ಲೊಮಾ
ನಾನೂ ಬರಬಹುದಾ ಸರ್?

ಕಿರಾಣಿ ಅಂಗಡಿ
ಬಾರಪ್ಪಾ, ಎರಡು ಸ್ಟೂಲ್ ಇವೆ.